ಗೋಡೆ ಬಿಟ್ಟರು, ತೊಲೆ ಹೊತ್ತರು

"ಮರದ ಮನೆ ನೋಡೋಕೆ ಅಷ್ಟು ದೂರ ಹೋಗ್ಬೇಕಿತ್ತಾ?" ಅಮ್ಮ ಫೋನಲ್ಲಿ ನಕ್ಕಳು.

ನಾನು ಎಡಿನ್‌ಬರಾದಲ್ಲಿ ಹಳೇ ಕಟ್ಟಡಗಳ ಸಂರಕ್ಷಣೆ ಓದ್ತಿದ್ದೀನಿ. ಪ್ರಾಜೆಕ್ಟ್‌ಗೆ ಆರಿಸಿಕೊಂಡಿದ್ದು ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್‌ನ ಸಾಂಪ್ರದಾಯಿಕ ಮರದ ಕಟ್ಟಡಗಳು. ಆದರೆ ಹೋದಲ್ಲೆಲ್ಲ ಕಂಡಿದ್ದು ಕಲ್ಲುಗೋಡೆ. ವಿಷಯ ಬದಲಾಯಿಸೋಣ ಅಂದ್ಕೊಂಡೆ.

ಕಣ್ಣು ತೆರೆಸಿದ್ದು ನ್ಯೂಟನ್‌ಮೋರ್‌ನ ಹೈಲ್ಯಾಂಡ್ ಫೋಕ್ ಮ್ಯೂಸಿಯಂ. 1700ರ ಸುಮಾರಿನ ಹಳ್ಳಿಯೊಂದನ್ನ ಅಲ್ಲಿ ಮತ್ತೆ ಕಟ್ಟಿದ್ದಾರೆ. ಮನೆಯೊಳಗೆ ನಿಂತು ತಲೆ ಎತ್ತಿದರೆ, ಎರಡೂ ಬದಿಯಿಂದ ಎದ್ದು ನೆತ್ತಿಯಲ್ಲಿ ಕೂಡುವ ಬಾಗಿದ ಮರದ ಜೋಡಿಗಳು. ಇದಕ್ಕೆ 'ಕ್ರಕ್' ಅಂತಾರೆ. ಚಾವಣಿಯ ಭಾರವೆಲ್ಲ ಅದರದ್ದೇ. ಹುಲ್ಲುಬೇರಿನ ಮಣ್ಣುಹೆಂಟೆ ಪೇರಿಸಿದ ಗೋಡೆ ಚಳಿಗಾಳಿ ತಡೆಯೋಕೆ ಅಷ್ಟೇ. ಅಂದ್ರೆ ಮರವೇ ಮನೆ, ಗೋಡೆ ಅದರ ಸ್ವೆಟರ್!

ಆ ಮರ ಸುಲಭಕ್ಕೆ ಸಿಗ್ತಿರಲಿಲ್ಲ. ಲೂಯಿಸ್ ದ್ವೀಪದವರು ಸಮುದ್ರ ದಡಕ್ಕೆ ತಂದು ಹಾಕಿದ ಮರವನ್ನ ಚಾವಣಿಗೆ ಬಳಸಿದರು. ಐರ್ಲೆಂಡ್‌ನಲ್ಲಿ ಜೌಗುನೆಲಕ್ಕೆ ಉದ್ದನೆಯ ಕಬ್ಬಿಣದ ಸರಳು ಚುಚ್ಚಿ, ಸಾವಿರಾರು ವರ್ಷದಿಂದ ಹೂತಿದ್ದ ಓಕ್, ಪೈನ್ ಹುಡುಕಿ ಅಗೆದು ತೆಗೀತಿದ್ರು. ಗಾಳಿಯಾಡದ ಆ ಕೆಸರಲ್ಲಿ ಮರ ಕೊಳೆಯಲ್ಲ.

ಹಾಗಾಗಿಯೇ ಹೈಲ್ಯಾಂಡ್‌ನ ಒಕ್ಕಲುಗಳು ಊರು ಬಿಡುವಾಗ ಗೋಡೆ ಬಿಟ್ಟು ತೊಲೆ ಹೊತ್ತೊಯ್ಯುತ್ತಿದ್ದರು. 1814ರಲ್ಲಿ ಸ್ಟ್ರಾತ್‌ನೇವರ್ ಕಣಿವೆಯಲ್ಲಿ ಕುರಿ ಸಾಕಣೆಗಾಗಿ ಜನರನ್ನ ಒಕ್ಕಲೆಬ್ಬಿಸಿದಾಗ ಆ ಮರಗಳಿಗೇ ಬೆಂಕಿ ಬಿತ್ತು. ತೊಲೆ ಸುಟ್ಟರೆ ಮತ್ತೆ ಮನೆ ಏಳಲ್ಲ ಅನ್ನೋದು ಸುಟ್ಟವರಿಗೂ ಗೊತ್ತಿತ್ತು. ಎಸ್ಟೇಟಿನ ಪ್ಯಾಟ್ರಿಕ್ ಸೆಲ್ಲಾರ್ ಮೇಲೆ 1816ರಲ್ಲಿ ಇನ್ವರ್ನೆಸ್‌ನಲ್ಲಿ ಕೇಸ್ ನಡೀತು. ಅವನು ಖುಲಾಸೆಯಾದ.

ಇದನ್ನ ಹೇಳಿದಾಗ ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದಳು: "ನಮ್ಮ ನಡುಮನೆ ಕಂಬದಲ್ಲಿ ಒಂದು ಚೌಕದ ತೂತು ಇದ್ಯಲ್ಲ, ಯಾಕೆ ಗೊತ್ತಾ?"

ಚಿಕ್ಕವಳಿದ್ದಾಗ ಅದರಲ್ಲಿ ಗೋಲಿ ಬಚ್ಚಿಡ್ತಿದ್ದೆ. ಯಾಕಿದೆ ಅಂತ ಯಾವತ್ತೂ ಕೇಳಿರಲಿಲ್ಲ.

"ಅದು ಹಳೇ ಮನೆ ತೊಲೆ ಕೂತಿದ್ದ ಜಾಗ. ಲಿಂಗನಮಕ್ಕಿ ನೀರು ಬಂದಾಗ ಅಜ್ಜ ಮನೆ ಬಿಚ್ಚಿ, ಕಂಬ, ತೊಲೆ ಎಲ್ಲ ಲಾರಿಗೆ ಹೇರಿಸ್ಕೊಂಡು ಬಂದ್ರು. ಊರು ಮುಳುಗ್ತು, ಮನೆ ಬಂತು."

ಒಂದು ಮನೆಯ ಮರ ಇನ್ನೊಂದಕ್ಕೆ ಬಂದಿದೆಯಾ ಅಂತ ತಿಳಿಯೋಕೆ, ಈಗ ಕೆಲಸವಿಲ್ಲದ ಇಂಥ ಖಾಲಿ ತೂತುಗಳನ್ನೇ ನಾನಿಲ್ಲಿ ಹುಡುಕ್ತಿದ್ದೀನಿ. ಒಂದು ನಮ್ಮನೆಯಲ್ಲೇ ಇತ್ತು.

ಪ್ರಾಜೆಕ್ಟ್ ವಿಷಯ ಬದಲಾಯಿಸಲಿಲ್ಲ. ನಿಮ್ಮ ಊರಿನ ಮನೆ ಕಂಬದಲ್ಲೂ ಇಂಥ ತೂತು ಕಂಡ್ರೆ, ಹಿರಿಯರು ಇರುವಾಗಲೇ ಒಮ್ಮೆ ಕೇಳಿ ನೋಡಿ.