ಹಾರುವ ಓತಿ ಮತ್ತು ಒಂದು ಚೀಟಿ

ಮೊದಲ ಪ್ರೀತಿ ಅಂದ್ರೆ ನಿಮಗೆ ಏನು ನೆನಪಾಗುತ್ತೋ ಗೊತ್ತಿಲ್ಲ. ನನಗೆ ಮಾತ್ರ ಹಲಸಿನ ಮೇಣ!

2009ರ ಬೇಸಿಗೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿ ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಶಿರಸಿ ಹತ್ತಿರದ ಅಜ್ಜನ ಮನೆಗೆ ಹೋಗಿದ್ದೆ. ಅಲ್ಲಿ ಹಲಸಿನಕಾಯಿ ಹಪ್ಪಳದ ಗಡಿಬಿಡಿ. ಬೇಯಿಸಿದ ಸೊಳೆ ಕುಟ್ಟಿ, ಉಂಡೆ ಮಾಡಿ, ಎಣ್ಣೆ ಸವರಿದ ಬಾಳೆಲೆ ಮಧ್ಯೆ ಇಟ್ಟು ಮಣೆಯಿಂದ ಒತ್ತಬೇಕು. ಒತ್ತೋಕೆ ಪಕ್ಕದ ಮನೆಯ ಹುಡುಗ ಬರ್ತಿದ್ದ. ಆಗಷ್ಟೇ ಮೊದಲ ಪಿಯುಸಿ ಮುಗಿಸಿದ್ದ. ಒಣಹಾಕಿದ ಹಪ್ಪಳಕ್ಕೆ ಕಾಗೆ ಬಾರದಂತೆ ಕಾಯುವುದು ನನ್ನ ಕೆಲಸ.

ಒಂದು ದಿನ ಕೈಗೆಲ್ಲ ಮೇಣ ಅಂಟಿಸಿಕೊಂಡು ಸೋಪಿನಲ್ಲಿ ತಿಕ್ಕುತ್ತಾ ಕೂತಿದ್ದೆ. ತೆಂಗಿನೆಣ್ಣೆಯ ಬಟ್ಟಲು ತಂದಿಟ್ಟು, ‘ಸೋಪಿಗೆ ಹೋಗಲ್ಲ ಅದು’ ಅಂದ. ಅಷ್ಟೇ. ಎದೆಯಲ್ಲಿ ಏನೋ ಆಯ್ತು.

ಆಮೇಲೆ ತೇಜಸ್ವಿಯವರ ‘ಕರ್ವಾಲೊ’ ಓದೋಕೆ ಕೊಟ್ಟ. ಹಾರುವ ಓತಿ ಎಲ್ಲ ಬರೀ ಕಥೆ ಅಂತ ನಾನು ವಾದ ಮಾಡಿದೆ. ನನ್ನನ್ನೂ ನನ್ನ ತಮ್ಮನನ್ನೂ ಅಡಿಕೆ ತೋಟಕ್ಕೆ ಕರೆದುಕೊಂಡು ಹೋದ. ಮೂರನೇ ದಿನ ಕಂಡಿತು. ಮರದ ಬಣ್ಣದ್ದೇ ಪುಟ್ಟ ಜೀವ, ಪಕ್ಕೆಯ ರೆಕ್ಕೆ ಬಿಚ್ಚಿ ಒಂದು ಮರದಿಂದ ಇನ್ನೊಂದಕ್ಕೆ ತೇಲಿಕೊಂಡು ಹೋಯಿತು. ನಿಜ ಹೇಳ್ತೀನಿ, ನಾನು ಓತಿಗಿಂತ ಅವನ ಮುಖ ನೋಡಿದ್ದೇ ಹೆಚ್ಚು.

ಪುಸ್ತಕ ವಾಪಸ್ ಕೊಡುವ ಮುನ್ನ ಒಳಗೊಂದು ಚೀಟಿ ಇಟ್ಟೆ. ‘ನೀನಂದ್ರೆ ನಂಗಿಷ್ಟ.’ ಹೆಸರು ಬರೆಯುವ ಧೈರ್ಯ ಇರಲಿಲ್ಲ. ಅವನಿಗಿಂತ ಮೊದಲು ಅದು ಅತ್ತೆಯ ಕೈಗೆ ಸಿಕ್ಕಿತು.

‘ಯಾರೇ ಬರೆದಿದ್ದು ಇದನ್ನ?’ ಜಗಲಿಯಲ್ಲಿ ಅಜ್ಜ, ಮಾವ, ಹಪ್ಪಳಕ್ಕೆ ಬಂದ ಹೆಂಗಸರು. ಹೊಸ್ತಿಲ ಬಳಿ ಅವನು. ನನ್ನ ಬಾಯಿಂದ ಬಂದಿದ್ದು, ‘ನಂಗೊತ್ತಿಲ್ಲ. ಪುಸ್ತಕ ಅವನದ್ದು.’

ಅವನು ನನ್ನನ್ನೇ ಒಂದು ಕ್ಷಣ ನೋಡಿದ. ‘ನಾನೇ ಬರೆದಿದ್ದು’ ಅಂದ.

ಮಾವ ಎಲ್ಲರೆದುರು ಬೈದರು. ಮರುದಿನದಿಂದ ಅವನು ನಮ್ಮ ಅಂಗಳಕ್ಕೆ ಬರಲಿಲ್ಲ. ಪುಸ್ತಕ ನನ್ನ ಬಳಿಯೇ ಉಳಿಯಿತು.

ಮುಂದೆ ಗೆಳತಿಯರ ಜೊತೆ ಮೊದಲ ಪ್ರೀತಿಯ ಮಾತು ಬಂದಾಗಲೆಲ್ಲ, ನಾನು ಓತಿ ಕಂಡಲ್ಲಿಗೆ ಕಥೆ ನಿಲ್ಲಿಸ್ತಿದ್ದೆ. ಎಲ್ಲರೂ ‘ಸೋ ಕ್ಯೂಟ್’ ಅಂತಿದ್ರು.

ಹೋದ ವರ್ಷ ಊರಿನ ಮದುವೆಯೊಂದರಲ್ಲಿ ಸಿಕ್ಕ, ಹೆಗಲ ಮೇಲೆ ಪುಟ್ಟ ಮಗಳು. ಊಟದ ಪಂಕ್ತಿಗೆ ಕಾಯುತ್ತಾ ನಿಂತಾಗ ಕೊನೆಗೂ ಹೇಳಿದೆ, ‘ಅವತ್ತು ನಾನು ಸುಳ್ಳು ಹೇಳಿಬಿಟ್ಟೆ. ತಪ್ಪಾಯ್ತು.’

ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಅಪ್ಪ ಎರಡು ತಿಂಗಳು ನನ್ನ ಮಾತಾಡಿಸಿರಲಿಲ್ಲ ಮಾರಾಯ್ತಿ’ ಅಂದ. ಆಮೇಲೆ ನಕ್ಕು, ‘ಅದಿರಲಿ, ನನ್ನ ಕರ್ವಾಲೊ ಎಲ್ಲಿ?’

ನಾಡಿದ್ದು ಊರಿಗೆ ಹೊರಟಿದ್ದೇನೆ. ಪುಸ್ತಕ ಬ್ಯಾಗಿನಲ್ಲಿದೆ. ಅದನ್ನು ಕೊಡುವ ಮೊದಲು ಜಗಲಿಯಲ್ಲಿ ಕೂತು ಮಾವನಿಗೂ ಅತ್ತೆಗೂ ಒಂದು ಮಾತು ಹೇಳುವುದಿದೆ. ಆ ಚೀಟಿ ಬರೆದಿದ್ದು ನಾನು.