ಎಣ್ಣೆಯ ಕೊಡವೂ ಕಾರಿನ ಪಂದ್ಯವೂ

ಕಳೆದ ತಿಂಗಳು ನಾವು ಮನೆಯವರೊಡನೆ ವಿದುರಾಶ್ವತ್ಥಕ್ಕೆ ಹೋಗಿದ್ದೆವು. ವಿದುರನು ನೆಟ್ಟನೆಂದು ಹಿರಿಯರು ಹೇಳುವ ಮಹಾವೃಕ್ಷವು 2001ರಲ್ಲಿ ಉರುಳಿಹೋದರೂ, ಅಲ್ಲಿನ ನಾಗರಕಲ್ಲುಗಳಿಗೆ ಹಾಲೆರೆಯುವ ಭಕ್ತರು ಕಡಮೆಯಾಗಿಲ್ಲ. ಪ್ರದಕ್ಷಿಣೆ ಮುಗಿಸಿ, 1938ರ ಏಪ್ರಿಲ್ 25ರಂದು ಧ್ವಜಸತ್ಯಾಗ್ರಹದಲ್ಲಿ ಗುಂಡಿಗೆ ಬಲಿಯಾದವರ ಸ್ಮಾರಕಕ್ಕೂ ಕೈಮುಗಿದು, ಊಟದ ಹೊತ್ತಿಗೆ ಗೌರಿಬಿದನೂರಿನ ಬಂಧುಗಳ ಮನೆಗೆ ಬಂದೆವು.

ಊಟವಾದ ಮೇಲೆ ಮನೆಯ ಯಜಮಾನನು ಎಲೆಯಡಕೆಯ ತಟ್ಟೆಯನ್ನು ನಮ್ಮತ್ತ ಸರಿಸಿ, “ಚಿಕ್ಕಪ್ಪ, ಇವನಿಗೆ ನೀವೇ ನಾಲ್ಕು ಬುದ್ಧಿಮಾತು ಹೇಳಬೇಕು” ಎಂದನು. ಅವನ ಮಗನಿಗೆ ಹದಿನೇಳು ವರ್ಷ. ದ್ವಿತೀಯ ಪಿಯುಸಿ ಓದುತ್ತಿದ್ದಾನೆ. ಸಂಜೆಯಾದರೆ ಕೋಣೆಯ ಬಾಗಿಲು ಮುಚ್ಚಿಕೊಂಡು ಗಣಕದ ಮುಂದೆ ಕಾರಿನ ಪಂದ್ಯ ಆಡುವನು. 25,000 ರೂಪಾಯಿಗೂ ಮೇಲ್ಪಟ್ಟು ಕೊಟ್ಟು ತಂದ ಸ್ಟಿಯರಿಂಗ್ ಚಕ್ರವನ್ನು ಮಾರಿಬಿಡುವುದೆಂದು ತಂದೆಯ ನಿಶ್ಚಯ. “ಇದೇ ವೇಗವನ್ನು ನಾಳೆ ಹಿಂದೂಪುರದ ರಸ್ತೆಯಲ್ಲಿ ತೋರಿಸಿದರೆ ಗತಿಯೇನು?” ಎಂಬುದು ಆತನ ಭಯ. ಹೆತ್ತವರ ಈ ಭಯವನ್ನು ಹಗುರವಾಗಿ ಕಾಣಲಾಗದು.

ಉಪದೇಶಕ್ಕೆಂದು ಕೋಣೆಯನ್ನು ಹೊಕ್ಕೆವು. ಮೇಜಿನ ಅಂಚಿಗೆ ಬಿಗಿದ ಚಕ್ರ, ಕಾಲ ಬಳಿ ಮೂರು ಪೆಡಲು, ಗೋಡೆಯ ಮೇಲೆ 2025ರಲ್ಲಿ ಮೊನಾಕೊದ ಫಾರ್ಮುಲಾ-2 ಸ್ಪ್ರಿಂಟ್ ಪಂದ್ಯವನ್ನು ಗೆದ್ದ ಬೆಂಗಳೂರಿನ ಕುಶ್ ಮೈನಿಯ ಚಿತ್ರ. ನಾವು ಬಾಯಿ ತೆರೆಯುವ ಮೊದಲೇ ಹುಡುಗನು, “ತಾತ, ಒಂದು ಸಲ ನೀವೇ ಓಡಿಸಿ ನೋಡಿ. ಆಮೇಲೆ ಎಷ್ಟು ಬೇಕಾದರೂ ಬೈಯಿರಿ” ಎಂದನು. ನ್ಯಾಯವಾದ ಮಾತು, ಒಪ್ಪಿದೆವು. “ಹಾಗಾದರೆ ನಿನ್ನ ಹೆಸರಿನಲ್ಲಿಯೇ ಓಡಿಸುವೆವು” ಎಂದುದಕ್ಕೆ ಮಾತ್ರ ಅವನು ಒಪ್ಪಲಿಲ್ಲ. ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಓಡಿಸುವುದು ತಪ್ಪಂತೆ. ನಮ್ಮ ನಿಜನಾಮದಲ್ಲಿಯೇ ಖಾತೆ ತೆರೆಸಿದನು.

ಈ ಪಂದ್ಯಶಾಲೆಯ ಹೆಸರು ಐರೇಸಿಂಗ್. 2008ರಲ್ಲಿ ಅಮೆರಿಕದಲ್ಲಿ ಆರಂಭವಾದುದು. ನಿಜವಾದ ಪಂದ್ಯಪಥಗಳನ್ನು ಲೇಸರ್ ಕಿರಣಗಳಿಂದ ಅಳೆದು, ಉಬ್ಬುತಗ್ಗುಗಳ ಸಹಿತ ತೆರೆಯ ಮೇಲೆ ಮೂಡಿಸಿರುವರು. ಚಕ್ರದೊಳಗಿನ ಮೋಟಾರು ರಸ್ತೆಯ ಅದುರನ್ನೂ ಟೈರಿನ ಹಿಡಿತವನ್ನೂ ನಮ್ಮ ಕೈಗೆ ತಿಳಿಸುವುದು. ಎದುರಾಳಿಗಳು ಯಂತ್ರದ ಬೊಂಬೆಗಳಲ್ಲ. ಅಂತರಜಾಲದ ಮೂಲಕ ಅದೇ ಗಳಿಗೆಯಲ್ಲಿ ಬೇರೆ ಬೇರೆ ದೇಶಗಳಲ್ಲಿ ಕುಳಿತು ಓಡಿಸುತ್ತಿರುವ ಮನುಷ್ಯರು. ಹೊಸಬರ ದರ್ಜೆಗೆ ರೂಕಿ ಎಂದು ಹೆಸರು. ನಮಗೆ ದೊರೆತುದು ಮಾಜ್ದಾ ಕಂಪೆನಿಯ ಒಂದು ಚಿಕ್ಕ ಕಾರು. ಪಥವು ಕನೆಕ್ಟಿಕಟ್ ಸಂಸ್ಥಾನದ ಲೈಮ್ ರಾಕ್, ಒಂದು ಸುತ್ತಿಗೆ ಸುಮಾರು 2.4 ಕಿಲೋಮೀಟರು.

ಮೂವತ್ತು ವರ್ಷ ಕಾರು ಓಡಿಸಿದವರು ನಾವು. ಇದೇನು ಮಹಾ ಎಂದುಕೊಂಡೆವು. ಹಸಿರು ದೀಪ ಹತ್ತಿತು. ಮುಂದಿನವರನ್ನೆಲ್ಲ ಹಿಂದಿಕ್ಕುವ ಆತುರದಲ್ಲಿ ಆಕ್ಸಿಲರೇಟರನ್ನು ತುಳಿದೆವು. ಮೊದಲ ತಿರುವಿನಲ್ಲಿ ಎಲ್ಲರೂ ಬ್ರೇಕು ಹಿಡಿದರು, ನಾವು ಹಿಡಿಯಲಿಲ್ಲ. ಮುಂದಿದ್ದ ಕಾರಿಗೆ ಡಿಕ್ಕಿ ಹೊಡೆದು, ಅದನ್ನೂ ಹುಲ್ಲಿಗೆ ತಳ್ಳಿ, ನಾವೂ ಗಿರಗಿರನೆ ತಿರುಗಿ ನಿಂತೆವು. ತೆರೆಯ ಮೇಲೆ ನಾಲ್ಕು ಕಪ್ಪುಚುಕ್ಕೆ ಬಿದ್ದುವು. ನಮಗೆ ಮಾತ್ರವಲ್ಲ, ಪಾಪ, ಆತನಿಗೂ ಬಿದ್ದುವು. ಪಥ ಬಿಟ್ಟರೆ ಒಂದು, ಹತೋಟಿ ತಪ್ಪಿದರೆ ಎರಡು, ಬಲವಾಗಿ ತಾಗಿದರೆ ನಾಲ್ಕು. ತಪ್ಪು ಯಾರದೆಂಬ ವಿಚಾರಣೆಯೇ ಅಲ್ಲಿಲ್ಲ. ಇದು ಅನ್ಯಾಯವೆಂದು ತೋರಬಹುದು. ಆದರೆ ನನ್ನ ದಾರಿ ಸರಿ ಎಂದು ಹಟ ಹಿಡಿಯದೆ, ಅವಿವೇಕಿಯಿಂದ ದೂರವಿರುವುದೂ ಓಡಿಸುವವನ ಹೊಣೆ ಎಂಬುದೇ ಅದರ ಒಳಮರ್ಮ.

ಹುಡುಗನು ನಗಲಿಲ್ಲ. “ತಾತ, ಅವರ ಪಂದ್ಯ ಕೆಟ್ಟಿತು. ಕ್ಷಮಿಸಿ ಅಂತ ಬರೆಯಿರಿ” ಎಂದು ಅಕ್ಷರದ ಮಣೆಯನ್ನು ಮುಂದಿಟ್ಟನು. ಬುದ್ಧಿ ಹೇಳಬಂದವರು ಬೆವರುತ್ತ ಎರಡು ಪದ ಬರೆದೆವು. ಕಂಡರಿಯದ ಆ ಮನುಷ್ಯನಿಂದ, ಪರವಾಗಿಲ್ಲ, ಎಲ್ಲರೂ ಹೀಗೆಯೇ ಕಲಿತವರು ಎಂಬರ್ಥದ ಉತ್ತರ ಬಂದಿತು. ನಮ್ಮ ಕಣ್ಣು ಕೊಂಚ ಮಂಜಾದುದನ್ನು ವಾಚಕರಲ್ಲಿ ಮುಚ್ಚಿಡಲಾರೆವು.

ಆ ರಾತ್ರಿ ಅಲ್ಲಿಯೇ ಉಳಿದೆವು. ಬೆಳಗ್ಗೆ ನಮ್ಮ ಮನೆಯವರು ಹೇಳಿದ ಮಾತೊಂದು ದಾರಿ ತೋರಿಸಿತು: “ಅಶ್ವತ್ಥ ಪ್ರದಕ್ಷಿಣೆ ಹೇಗೆ ಮಾಡಬೇಕು? ತುಂಬಿದ ಬಸುರಿ ಎಣ್ಣೆಯ ಕೊಡ ಹೊತ್ತು ನಡೆದ ಹಾಗೆ ಅಲ್ಲವೆ? ನಿಮ್ಮ ಕಾರನ್ನೂ ಹಾಗೆಯೇ ಸುತ್ತಿಸಿ.” ಬಲ್ಲವರು ಹೇಳುವ ಗುಟ್ಟೂ ಇದೇ. ಕಾರು ನೆಟ್ಟಗಿರುವಾಗಲೇ ಬ್ರೇಕು ಬಲವಾಗಿ ಒತ್ತಿ, ತಿರುಗುತ್ತ ಬಂದಂತೆ ಮೆಲ್ಲಗೆ ಸಡಿಲಿಸಬೇಕು. ತಿರುವಿನ ಕೊನೆ ಕಣ್ಣಿಗೆ ಬಿದ್ದ ಮೇಲೆಯೇ ವೇಗ. ತಟ್ಟನೆ ಮಾಡಿದರೆ ಭಾರವೆಲ್ಲ ಒಂದು ಕಡೆಗೆ ವಾಲಿ, ಟೈರಿನ ಹಿಡಿತ ತಪ್ಪುವುದು, ಎಣ್ಣೆ ಚೆಲ್ಲುವುದು. ಅರ್ಧ ತಾಸು ಒಂಟಿಯಾಗಿ ಅಭ್ಯಾಸ ಮಾಡಿ, ಬೇಕೆಂದೇ ಕೊನೆಯ ಸ್ಥಾನದಿಂದ ಹೊರಟೆವು. ಹನ್ನೆರಡು ಮಂದಿಯಲ್ಲಿ ಒಂಬತ್ತನೆಯವರಾಗಿ ಗುರಿ ಮುಟ್ಟಿದೆವು. ಒಂದು ಕಪ್ಪುಚುಕ್ಕೆಯೂ ಇಲ್ಲ! ಬಾಗಿಲಲ್ಲಿ ನಿಂತು ನೋಡುತ್ತಿದ್ದ ತಂದೆ ಚಪ್ಪಾಳೆ ತಟ್ಟಿದನು.

ತೀರ್ಪು ಹೇಳುವ ಹೊತ್ತು ಬಂದಿತು. ಇಂಥ ಆಟದಿಂದಲೇ ಆಯ್ಕೆಯಾದ ಬ್ರಿಟನ್ನಿನ ಜಾನ್ ಮಾರ್ಡೆನ್‌ಬರೊ ಎಂಬಾತನು 2013ರ ಲ ಮಾನ್ ಪಂದ್ಯದಲ್ಲಿ ತನ್ನ ವರ್ಗದ ಮೂರನೆಯ ಸ್ಥಾನ ಪಡೆದುದು ನಿಜ; ಆದರೆ ಅದು ಸಾವಿರಾರು ಮಂದಿಯಲ್ಲಿ ಒಬ್ಬನಿಗೆ ಒದಗಿದ ಭಾಗ್ಯ. ಅದನ್ನು ನಂಬಿ ಓದನ್ನು ಬಿಡಲಾಗದು. ತಿಂಗಳ ಶುಲ್ಕ, ಹೊಸ ಕಾರು, ಹೊಸ ಪಥವೆಂದು ಹಣವೂ ಸೋರುವುದು. ಆದುದರಿಂದ ಹೀಗೆಂದೆವು: ಚಕ್ರವನ್ನು ಮಾರುವುದು ಬೇಡ, ಕೋಣೆಯ ಬಾಗಿಲು ತೆರೆದಿರಲಿ, ದಿನಕ್ಕೆ ಒಂದು ತಾಸು, ಪರೀಕ್ಷೆಯ ತಿಂಗಳಲ್ಲಿ ಅದೂ ಇಲ್ಲ, ಹೊಸತನ್ನು ಕೊಳ್ಳುವುದು ತಂದೆಯನ್ನು ಕೇಳಿಯೇ, ಹದಿನೆಂಟು ತುಂಬಿ ಲೈಸೆನ್ಸು ಕೈಗೆ ಬರುವವರೆಗೆ ನಿಜವಾದ ಕಾರನ್ನು ಮುಟ್ಟತಕ್ಕದ್ದಲ್ಲ. ತೆರೆಯ ಮೇಲೆ ಕೆಟ್ಟ ಕಾರು ಮರುಗಳಿಗೆಯಲ್ಲಿ ಹೊಸದಾಗುವುದು. ಹಿಂದೂಪುರದ ರಸ್ತೆಯಲ್ಲಿ ಹಾಗಾಗದು. ಇಬ್ಬರೂ ಒಪ್ಪಿದರು.

ಹೊರಡುವಾಗ ತಂದೆ ಮೆಲ್ಲನೆ, “ಚಿಕ್ಕಪ್ಪ, ಆ ಚಕ್ರದ ಮುಂದೆ ನಾನೂ ಒಮ್ಮೆ ಕೂರಬಹುದೆ?” ಎಂದು ಕೇಳಿದನು. “ಮಗನನ್ನು ಕೇಳು, ಅಲ್ಲಿ ಅವನೇ ಗುರು” ಎಂದು ಹೇಳಿ ಬಂದೆವು.