ಹುಟ್ಟೇ ಅಪರಾಧವೇ?

ಮನುಷ್ಯ ತನ್ನ ಇಚ್ಛೆಯಿಂದ ಮಾಡಿದ ಕೃತ್ಯಕ್ಕೆ ಮಾತ್ರ ಶಿಕ್ಷೆ. ಇದು ನ್ಯಾಯದ ಮೊದಲ ಪಾಠ. ಈ ಪಾಠ ಹೇಳಿಕೊಟ್ಟ ಬ್ರಿಟಿಷರೇ 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯಿದೆ ತಂದರು. ಕಳವು ರುಜುವಾತಾಗಬೇಕಿರಲಿಲ್ಲ; ಪಟ್ಟಿಯಲ್ಲಿದ್ದ ಜಾತಿಯಲ್ಲಿ ಹುಟ್ಟಿದರೆ ಸಾಕು. ಹೆಸರಿನ ನೋಂದಣಿ, ಪೋಲೀಸರೆದುರು ಹಾಜರಿ, ಮುಂದೆ ಹುಬ್ಬಳ್ಳಿಯಂಥ ಊರುಗಳಲ್ಲಿ ಸೆಟ್ಲಮೆಂಟಿನ ವಾಸ. ಆ ಸೆಟ್ಲಮೆಂಟಿನಲ್ಲಿ ಕಣ್ಣು ತೆರೆದ ಕೂಸು ಯಾರ ಮನೆಗೆ ಕನ್ನ ಹಾಕಿತ್ತು?

1952ರಲ್ಲಿ ಆ ಕಾಯಿದೆ ರದ್ದಾಯಿತು. ಅದರ ಜಾಗಕ್ಕೆ ರಾಜ್ಯಗಳ ‘ರೂಢಿಗತ ಅಪರಾಧಿ’ ಕಾಯಿದೆಗಳು ಬಂದವು. ನಮ್ಮ ರಾಜ್ಯದ್ದು 1961ರದು. ಹಣೆಪಟ್ಟಿ ಬದಲಾಯಿತು, ಠಾಣೆಯ ಕಣ್ಣು ಬದಲಾಗಲಿಲ್ಲ. ವಿಮುಕ್ತ ಬುಡಕಟ್ಟಿನವರನ್ನು ಹುಟ್ಟು ಅಪರಾಧಿಗಳೆಂದು ಕಾಣಕೂಡದೆಂದು 2024ರಲ್ಲಿ ಸುಪ್ರೀಂ ಕೋರ್ಟು ಹೇಳಬೇಕಾಯಿತು!

ನಾವು ದಯೆ ಬೇಡುತ್ತಿಲ್ಲ. ಸರಕಾರ ಕೃತ್ಯವನ್ನು ರುಜುವಾತುಪಡಿಸಲಿ. ಆಗದಿದ್ದರೆ ಬಡವನ ಗುಡಿಸಲಿನಿಂದ ಲಾಠಿಯನ್ನು ಹೊರಗೆ ತೆಗೆಯಲಿ.